ಅಡಿಕೆಗೆ ಹೋದ ಮಾನ



2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ‘ಕಸ ಸುರಿಯುವ ಹಬ್ಬ’ ಎಂಬ ಕಾರ್ಯಾಚರಣೆಯೊಂದು ನಡೆಯಿತು. ರಸ್ತೆಬದಿಯಲ್ಲಿ ಕಸ ಎಸೆಯುವವರನ್ನು ಮಾರ್ಷಲ್‌ಗಳು ಚಿತ್ರೀಕರಿಸಿದರು, ಅವರ ಮನೆಗಳನ್ನು ಪತ್ತೆಹಚ್ಚಿದರು. ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ ಸಿಬ್ಬಂದಿ ಕಸವನ್ನು ಹೊತ್ತು ತಂದು ಅದೇ ಮನೆಗಳ ಬಾಗಿಲ ಮುಂದೆ ಸುರಿದು, ದಂಡವನ್ನೂ ವಿಧಿಸಿದರು. ಕಸ ಎಸೆಯುವವರ ವಿಡಿಯೊ ಕಳುಹಿಸಿದ ನಾಗರಿಕರಿಗೆ 250 ರೂಪಾಯಿ ಬಹುಮಾನವೆಂದೂ ಪ್ರಕಟಿಸಲಾಯಿತು. ಆ ದೃಶ್ಯಗಳು ಸಮುದ್ರ ದಾಟಿ ವಾಷಿಂಗ್ಟನ್, ಅಟ್ಲಾಂಟಾ, ಶಾರ್ಲಟ್, ರಾಲಿಗಳ ಕನ್ನಡ ಮನೆಗಳಿಗೂ ತಲುಪಿದವು. ‘ಹೀಗೇ ಆಗಬೇಕು’, ‘ಕೊನೆಗೂ ಬುದ್ಧಿ ಬಂತು’ ಎಂಬ ಮೆಚ್ಚುಗೆಯೇ ನಮ್ಮ ನಡುವೆ ಹೆಚ್ಚಾಗಿ ಕೇಳಿಬಂದಿತು.

ನಾವು ಈ ಮೆಚ್ಚುಗೆಯಲ್ಲಿ ಪಾಲುಗೊಳ್ಳುವುದಿಲ್ಲ. ರಸ್ತೆಗೆ ಕಸ ಎಸೆಯುವುದು ತಪ್ಪು. ಅದಕ್ಕೆ ದಂಡ ಸರಿಯಾದದ್ದು, ಇನ್ನೂ ಹೆಚ್ಚಿನ ದಂಡವಾದರೂ ನಮ್ಮ ಆಕ್ಷೇಪವಿಲ್ಲ. ಆದರೆ ದಂಡ ವಿಧಿಸಿದ ಮೇಲೂ ಮನೆಯ ಬಾಗಿಲು, ಮನೆಯವರ ಮುಖ, ಬೀದಿಯ ಗುರುತು ಇವೆಲ್ಲವನ್ನೂ ಲೋಕದ ಮುಂದಿಟ್ಟು ನಗುವುದು ಶಿಕ್ಷೆಯಲ್ಲ, ಅದು ಶಿಕ್ಷೆಯ ಹೆಸರಿನ ಮನರಂಜನೆ. ಆ ಮನರಂಜನೆಯ ಅಭ್ಯಾಸ ಬೆಂಗಳೂರಿನ ಬೀದಿಯಲ್ಲಷ್ಟೇ ಇಲ್ಲ, ನಮ್ಮ ಕೈಯಲ್ಲಿರುವ ಫೋನಿನಲ್ಲಿಯೂ ಇದೆ. ಈ ಲೇಖನದ ಉದ್ದೇಶ ಅದನ್ನು ಎತ್ತಿ ತೋರಿಸುವುದೇ ಆಗಿದೆ.

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಚಿಕ್ಕ ವಸ್ತುವಿಗಾಗಿ ಮಾನ ಕಳೆದುಕೊಳ್ಳಬೇಡ ಎಂದು ತಪ್ಪು ಮಾಡುವವನಿಗೆ ಹೇಳಿದ ಮಾತೆಂದೇ ಅದನ್ನು ತಿಳಿಯುತ್ತೇವೆ. ಆದರೆ ಅದು ನೋಡುವವರಿಗೂ ಹೇಳಿದ ಮಾತು. ಅಡಿಕೆಯ ಬೆಲೆಯ ತಪ್ಪಿಗೆ ಆನೆಯ ಬೆಲೆಯ ಮಾನವನ್ನು ಕಿತ್ತುಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆ ಅದರೊಳಗಿದೆ. ಕಾನೂನಿನ ಭಾಷೆಯಲ್ಲಿ ಇದಕ್ಕೆ ಪ್ರಮಾಣಬದ್ಧತೆ ಎಂದು ಹೆಸರು.

ದಂಡಕ್ಕೆ ಒಂದು ಮೊತ್ತವಿದೆ, ರಸೀದಿಯಿದೆ, ಒಪ್ಪದಿದ್ದರೆ ಮೇಲ್ಮನವಿಯಿದೆ, ಕಟ್ಟಿದ ದಿನ ಅದು ಮುಗಿಯುತ್ತದೆ. ಸಾರ್ವಜನಿಕ ಅವಮಾನಕ್ಕೆ ಇವು ಯಾವುವೂ ಇಲ್ಲ. ಎಷ್ಟು ಜನ ನೋಡಬೇಕು, ಎಷ್ಟು ವರ್ಷ ನೋಡಬೇಕು ಎಂದು ಯಾವ ನ್ಯಾಯಾಧೀಶರೂ ನಿರ್ಧರಿಸಿರುವುದಿಲ್ಲ. ಕಸ ಎಸೆದವನು ಒಬ್ಬ. ಬಾಗಿಲ ಮುಂದಿನ ರಾಶಿಯನ್ನು ದಾಟಿ ಮರುದಿನ ಶಾಲೆಗೆ ಹೋಗಬೇಕಾದವಳು ಅವನ ಮಗಳು. ಎಸೆದದ್ದು ಬಾಡಿಗೆದಾರನೋ, ಕೆಲಸದವಳೋ, ಪಕ್ಕದ ಮನೆಯವನೋ ಎಂಬ ವಿಚಾರಣೆ ವಿಡಿಯೊ ಹರಡುವ ವೇಗಕ್ಕೆ ಸಿಗುವುದಿಲ್ಲ. ಗುರುತು ತಪ್ಪಿದ್ದರೆ ಕ್ಷಮಾಪಣೆಯ ವಿಡಿಯೊ ಯಾವತ್ತೂ ಮೊದಲಿನಷ್ಟು ದೂರ ಹೋಗುವುದಿಲ್ಲ.

‘ಕೆಟ್ಟು ಪಟ್ಟಣ ಸೇರು’ ಎಂಬುದು ನಮ್ಮ ಹಿರಿಯರ ಇನ್ನೊಂದು ಮಾತು. ಒಂದೂರಿನಲ್ಲಿ ಕೆಟ್ಟವನು ಮತ್ತೊಂದೂರಿನಲ್ಲಿ ಬದುಕು ಕಟ್ಟಿಕೊಳ್ಳಬಹುದು ಎಂಬ ಕರುಣೆ ಅದರಲ್ಲಿದೆ. ಮುಖಕ್ಕೆ ಮಸಿ ಬಳಿದು ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿದ ಕಾಲದಲ್ಲಿಯೂ ಮಸಿ ತೊಳೆದರೆ ಹೋಗುತ್ತಿತ್ತು, ಊರಿನ ಗಡಿ ದಾಟಿದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಇಂದು ಸೇರಲು ಪಟ್ಟಣವೇ ಉಳಿದಿಲ್ಲ. ಹೆಸರನ್ನು ಹುಡುಕಿದರೆ ಚಿತ್ರ ಸಿಗುತ್ತದೆ. ಉದ್ಯೋಗದಾತನಿಗೂ ಸಿಗುತ್ತದೆ, ಹೆಣ್ಣು ಗಂಡು ನೋಡುವವರಿಗೂ ಸಿಗುತ್ತದೆ, ಹತ್ತು ವರ್ಷದ ನಂತರ ಆ ವ್ಯಕ್ತಿಯ ಮಕ್ಕಳಿಗೂ ಸಿಗುತ್ತದೆ.

ಖಾಸಗಿತನವು ಪಾಶ್ಚಾತ್ಯರ ಆಮದು ಸರಕು, ನಮ್ಮ ಸಮಾಜಕ್ಕೆ ಹೊಂದದು ಎಂದು ವಾದಿಸುವವರು ಒಂದನ್ನು ನೆನಪಿಡಬೇಕು. ಭಾರತದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸ್ಥಾಪಿಸಿದ ಮೊಕದ್ದಮೆಗೆ ಒಬ್ಬ ಕನ್ನಡ ನಾಡಿನ ಹಿರಿಯರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ರಾಜ್ಯವು ಆ ಹಕ್ಕನ್ನು ಮುಟ್ಟಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಬಳಸುವ ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಬಾಗಿಲ ಮುಂದೆ ಕಸ ಸುರಿದು ಚಿತ್ರೀಕರಿಸುವುದನ್ನು ಈ ಮೂರು ಒರೆಗಲ್ಲಿಗೆ ಉಜ್ಜಿ ನೋಡಿ. ಉದ್ದೇಶ ನ್ಯಾಯಸಮ್ಮತವೆಂದು ನಾವೂ ಒಪ್ಪುತ್ತೇವೆ. ಉಳಿದ ಎರಡರಲ್ಲಿ ಅದು ಪಾಸಾಗುವುದೆಂದು ನಮಗೆ ತೋರುವುದಿಲ್ಲ.

ನ್ಯಾಯಾಲಯಗಳು ಇಂಥದನ್ನು ಮೊದಲೂ ಕಂಡಿವೆ. 2020ರ ಮಾರ್ಚ್‌ನಲ್ಲಿ ಲಖನೌ ನಗರದ ಆಡಳಿತವು ಪ್ರತಿಭಟನಕಾರರ ಹೆಸರು, ಚಿತ್ರ, ವಿಳಾಸಗಳನ್ನು ದೊಡ್ಡ ಫಲಕಗಳಲ್ಲಿ ಬೀದಿಯಲ್ಲಿ ನಿಲ್ಲಿಸಿದಾಗ, ಅಲಹಾಬಾದ್ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಅವುಗಳನ್ನು ತೆಗೆಯಲು ಆದೇಶಿಸಿತು. ನಮ್ಮದೇ ಬೆಳಗಾವಿ ಜಿಲ್ಲೆಯಲ್ಲಿ ಚೆಕ್ ಅಮಾನ್ಯ ಪ್ರಕರಣವೊಂದರಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೈಕೋಳ ತೊಡಿಸಿ ಸಾರ್ವಜನಿಕವಾಗಿ ಕರೆದೊಯ್ದುದಕ್ಕಾಗಿ, 2022ರಲ್ಲಿ ಕರ್ನಾಟಕ ಹೈಕೋರ್ಟ್ 2 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆಜ್ಞಾಪಿಸಿತು. ಆರೋಪಿಯೆಂದರೂ ಮಾನವುಳ್ಳ ಮನುಷ್ಯನೇ ಎಂಬುದು ಈ ತೀರ್ಪುಗಳ ಸಾರ.

ವೈದ್ಯರಾದ ನಮಗೆ ಇವೆಲ್ಲಕ್ಕಿಂತ ಹತ್ತಿರವಾದ ಉದಾಹರಣೆ 2020ರದೇ ಇನ್ನೊಂದು. ಆ ಮಾರ್ಚ್ ತಿಂಗಳಲ್ಲಿ ವಿದೇಶದಿಂದ ಮರಳಿ ಮನೆಯಲ್ಲಿ ಪ್ರತ್ಯೇಕವಾಗಿದ್ದ ಸಾವಿರಾರು ಜನರ ಮನೆ ವಿಳಾಸಗಳನ್ನು ಕರ್ನಾಟಕ ಸರ್ಕಾರ ಬಹಿರಂಗವಾಗಿ ಪ್ರಕಟಿಸಿತು. ಕೈಗೆ ಅಳಿಸಲಾಗದ ಶಾಯಿಯ ಮುದ್ರೆ ಹಾಕಲಾಯಿತು. ಮನೆಯಲ್ಲಿಯೇ ಇರುವೆನೆಂದು ತೋರಿಸಲು ಗಂಟೆಗೊಮ್ಮೆ ಸೆಲ್ಫಿ ಕಳುಹಿಸಬೇಕೆಂಬ ನಿಯಮ ಬಂದಿತು. ಆ ಪಟ್ಟಿಯಲ್ಲಿದ್ದವರು ಯಾವ ಅಪರಾಧವನ್ನೂ ಮಾಡಿರಲಿಲ್ಲ. ವಿಮಾನದಲ್ಲಿ ಪ್ರಯಾಣ ಮಾಡಿದ್ದರು, ಅಷ್ಟೆ. ಅವರು ನಮ್ಮಂಥವರು, ಅನೇಕ ಸಂದರ್ಭಗಳಲ್ಲಿ ನಮ್ಮ ತಂದೆತಾಯಿಗಳು, ರಜೆಗೆ ಹೋದ ನಮ್ಮ ಮಕ್ಕಳು. ಅದೇ ದಿನಗಳಲ್ಲಿ ದೇಶದ ಹಲವೆಡೆ ವೈದ್ಯರು, ದಾದಿಯರನ್ನೇ ಬಾಡಿಗೆ ಮನೆಗಳಿಂದ ಹೊರಹಾಕುವ ಪ್ರಯತ್ನಗಳು ನಡೆದವು. ಅಂದು ಪಟ್ಟಿಯಲ್ಲಿ ಬಂದ ವಿಳಾಸ ನಮ್ಮದಾಗಿದ್ದಾಗ ನಾವು ಅದನ್ನು ಅನ್ಯಾಯವೆಂದೆವು. ಇಂದು ವಿಳಾಸ ಬೇರೆಯವರದಾದಾಗ ಚಪ್ಪಾಳೆ ತಟ್ಟುವುದು ಹೇಗೆ?

ಇನ್ನು ನಾವು ನೆಲೆಸಿರುವ ದೇಶದ ಮಾತು. ಅಮೆರಿಕಕ್ಕೆ ಈ ವಿಷಯದಲ್ಲಿ ದೀರ್ಘ ಇತಿಹಾಸವೇ ಇದೆ. ನಮ್ಮ ನೆರೆಯ ಡೆಲವೇರ್ ರಾಜ್ಯವು ಸಾರ್ವಜನಿಕ ಚಾಟಿಯೇಟಿನ ಕಂಬವನ್ನು ಕಾನೂನಿನಿಂದ ತೆಗೆದುಹಾಕಿದ್ದು 1972ರಲ್ಲಿ. ಜಾರ್ಜಿಯಾದಲ್ಲಿ ಕುಡಿದು ವಾಹನ ಓಡಿಸಿದವನೊಬ್ಬ ತನ್ನ ಅಪರಾಧವನ್ನು ಬರೆದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕೈಪಟ್ಟಿ ತೊಡಬೇಕೆಂಬ ಷರತ್ತನ್ನು ಆ ರಾಜ್ಯದ ಮೇಲ್ಮನವಿ ನ್ಯಾಯಾಲಯ 1993ರಲ್ಲಿ ಎತ್ತಿಹಿಡಿಯಿತು. ಅದೇ ರಾಜ್ಯದ ಕಾನೂನು ಅದೇ ಅಪರಾಧದಲ್ಲಿ ಎರಡನೆಯ ಬಾರಿ ಸಿಕ್ಕಿಬಿದ್ದವನ ಚಿತ್ರವನ್ನು ಸ್ಥಳೀಯ ಪತ್ರಿಕೆಯಲ್ಲಿ ಅವನದೇ ಖರ್ಚಿನಲ್ಲಿ ಅಚ್ಚು ಹಾಕಿಸುತ್ತದೆ. ಕುಡಿದು ವಾಹನ ಓಡಿಸುವುದನ್ನು ನಾವು ಲಘು ಅಪರಾಧವೆಂದು ಎಣಿಸುವುದಿಲ್ಲ. ತುರ್ತು ಚಿಕಿತ್ಸಾ ವಿಭಾಗದ ರಾತ್ರಿಗಳನ್ನು ಬಲ್ಲ ಯಾರೂ ಎಣಿಸಲಾರರು. ಆದರೂ ಅಲ್ಲಿ ಕನಿಷ್ಠ ಒಂದು ವಿಚಾರಣೆ, ಒಂದು ತೀರ್ಪು, ಪತ್ರಿಕೆಯಲ್ಲಿ ಒಂದೇ ಬಾರಿಯ ಪ್ರಕಟಣೆ ಎಂಬ ಮಿತಿಗಳಿವೆ. ಈಗ ನಡೆಯುತ್ತಿರುವುದಕ್ಕೆ ಆ ಮಿತಿಯೂ ಇಲ್ಲ.

2007ರಲ್ಲಿ ರಾಲಿಯಲ್ಲಿ ‘ದ ಸ್ಲ್ಯಾಮರ್’ ಎಂಬ ಪತ್ರಿಕೆಯೊಂದು ಹುಟ್ಟಿತು. ಪೊಲೀಸರು ಬಂಧಿಸಿದವರ ಛಾಯಾಚಿತ್ರಗಳೇ ಅದರ ಸರಕು. ಅಂಗಡಿಗಳಲ್ಲಿ ಒಂದು ಡಾಲರಿಗೆ ಅದು ಮಾರಾಟವಾಗುತ್ತಿತ್ತು. ಅನಂತರ ಆ ವ್ಯಾಪಾರ ಅಂತರಜಾಲಕ್ಕೆ ಏರಿತು. ಬಂಧಿತನ ಚಿತ್ರ ಹಾಕುವುದು, ತೆಗೆಯಬೇಕಾದರೆ ಹಣ ಕೇಳುವುದು: ಇದೇ ಅದರ ಲಾಭದ ಮೂಲ. ಆರೋಪ ಬಿದ್ದುಹೋದವರೂ, ನಿರ್ದೋಷಿಗಳೆಂದು ಬಿಡುಗಡೆಯಾದವರೂ ಹಣ ತೆತ್ತರು. ಕೊನೆಗೆ ಜಾರ್ಜಿಯಾ 2013ರಲ್ಲಿ ಕಾನೂನು ಮಾಡಿ, ಆರೋಪ ವಜಾ ಆದವರು ಬರೆದು ಕೇಳಿದರೆ 30 ದಿನಗಳೊಳಗೆ ಶುಲ್ಕವಿಲ್ಲದೆ ಚಿತ್ರ ತೆಗೆಯಬೇಕೆಂದಿತು. ಮರುವರ್ಷ ಪೊಲೀಸ್ ಇಲಾಖೆಗಳೇ ಅಂಥ ಚಿತ್ರಗಳನ್ನು ತಮ್ಮ ಜಾಲತಾಣದಲ್ಲಿ ಹಾಕುವುದನ್ನು ನಿರ್ಬಂಧಿಸಿತು. ದಕ್ಷಿಣ ಕ್ಯಾರೊಲಿನಾ 2016ರಲ್ಲಿ ಇಂಥದೇ ದಾರಿ ಹಿಡಿಯಿತು. ಯಾರಿಗೂ ದಯೆ ತೋರಿಸುವ ರಾಜ್ಯಗಳೆಂದು ಹೆಸರಾಗದ ಇವೇ ಇಷ್ಟು ಹಿಂದೆ ಸರಿದಿರುವಾಗ, ನಾವು ಮುಂದಕ್ಕೆ ಓಡುವುದೇಕೆ?

ಆದರೆ ಕಾನೂನನ್ನೇ ನಂಬಿ ಕೂರುವಂತೆಯೂ ಇಲ್ಲ. 1976ರ ‘ಪಾಲ್ ವಿರುದ್ಧ ಡೇವಿಸ್’ ಪ್ರಕರಣವನ್ನು ನೋಡಿ. ಕೆಂಟಕಿಯ ಲೂಯಿವಿಲ್ ನಗರದಲ್ಲಿ ಪೊಲೀಸರು ‘ಅಂಗಡಿ ಕಳ್ಳರು’ ಎಂದು ಚಿತ್ರ ಸಹಿತ ಕರಪತ್ರ ಮುದ್ರಿಸಿ ನೂರಾರು ವರ್ತಕರಿಗೆ ಹಂಚಿದ್ದರು. ಅದರಲ್ಲಿದ್ದ ಒಬ್ಬ ಪತ್ರಿಕಾ ಛಾಯಾಗ್ರಾಹಕನ ಮೇಲಿನ ಆರೋಪ ಸಾಬೀತಾಗಿಯೇ ಇರಲಿಲ್ಲ. ಆಮೇಲೆ ಅದು ವಜಾ ಆಯಿತು. ಅಮೆರಿಕದ ಸುಪ್ರೀಂ ಕೋರ್ಟ್ ಮಾತ್ರ, ಕೀರ್ತಿಗೆ ಬಂದ ಧಕ್ಕೆಯೊಂದೇ ಸಂವಿಧಾನದ ರಕ್ಷಣೆಗೆ ಸಾಲದು ಎಂದಿತು. ಅಂದರೆ ಈ ದೇಶದಲ್ಲಿ ಮಾನಕ್ಕೆ ಸಂವಿಧಾನದ ಕಾವಲು ತೆಳುವಾದದ್ದು. ಎಲ್ಲಿ ಕಾನೂನು ಕಾಯುವುದಿಲ್ಲವೋ ಅಲ್ಲಿ ಸಜ್ಜನಿಕೆಯೇ ಕಾಯಬೇಕು.

2025ರಲ್ಲಿ ಇಲಿನಾಯ್ ರಾಜ್ಯದ ಅಂಗಡಿಯೊಂದರಲ್ಲಿ ಕಳವಿನ ಆರೋಪದ ಮೇಲೆ ಪೊಲೀಸರು ವಿಚಾರಿಸಿದ ಭಾರತೀಯ ಮಹಿಳೆಯೊಬ್ಬರ ವಿಡಿಯೊ ಲೋಕವೆಲ್ಲ ಸುತ್ತಿತು. ನಮ್ಮಲ್ಲಿ ಅದನ್ನು ನೋಡದವರು ವಿರಳ. ಆ ಚಿತ್ರ ಬಂದದ್ದು ಪೊಲೀಸ್ ಅಧಿಕಾರಿಯ ಎದೆಯ ಮೇಲಿನ ಕ್ಯಾಮೆರಾದಿಂದ. ಆ ಕ್ಯಾಮೆರಾ ಅಲ್ಲಿಗೆ ಏಕೆ ಬಂದಿತೆಂಬುದನ್ನು ನೆನೆಯೋಣ. 2015ರ ಏಪ್ರಿಲ್‌ನಲ್ಲಿ ದಕ್ಷಿಣ ಕ್ಯಾರೊಲಿನಾದ ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ ವಾಲ್ಟರ್ ಸ್ಕಾಟ್ ಎಂಬ ನಿರಾಯುಧ ವ್ಯಕ್ತಿ ಓಡುತ್ತಿರುವಾಗ ಪೊಲೀಸನೊಬ್ಬ ಬೆನ್ನಿಗೆ ಗುಂಡು ಹಾರಿಸಿದ. ದಾರಿಹೋಕನೊಬ್ಬ ಚಿತ್ರೀಕರಿಸಿದ್ದರಿಂದ ಸತ್ಯ ಹೊರಬಂದಿತು. ಅದೇ ವರ್ಷ ಆ ರಾಜ್ಯ ಪೊಲೀಸರಿಗೆ ಎದೆ ಕ್ಯಾಮೆರಾಗಳ ಕಾನೂನು ಮಾಡಿತು. ಅಧಿಕಾರವುಳ್ಳವನನ್ನು ನೋಡಲು ಹುಟ್ಟಿದ ಕಣ್ಣು ಅದು. ಇಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಆ ಚಿತ್ರಗಳನ್ನು ಪಡೆದು, ಜಾಹೀರಾತಿನ ಹಣಕ್ಕಾಗಿ ಪ್ರಸಾರ ಮಾಡುವ ಚಾನೆಲ್‌ಗಳು ಅದೇ ಕಣ್ಣನ್ನು ಅಂಗಡಿಯಲ್ಲಿ ಅಳುತ್ತ ನಿಂತವರ ಕಡೆಗೆ ತಿರುಗಿಸಿವೆ. ದಕ್ಷಿಣ ಮತ್ತು ಉತ್ತರ ಕ್ಯಾರೊಲಿನಾಗಳು ಇದನ್ನು ಮುಂಗಂಡು, ಇಂಥ ಚಿತ್ರಗಳನ್ನು ಸಾಮಾನ್ಯ ಸಾರ್ವಜನಿಕ ದಾಖಲೆಯಲ್ಲವೆಂದು ಕಾನೂನಿನಲ್ಲಿ ಬರೆದವು. ಉತ್ತರ ಕ್ಯಾರೊಲಿನಾದಲ್ಲಿ ಬಿಡುಗಡೆಗೆ ನ್ಯಾಯಾಲಯದ ಆದೇಶ ಬೇಕು. ಈ ಕಾನೂನುಗಳಿಂದ ಪೊಲೀಸರ ದುರ್ವರ್ತನೆಯೂ ಮುಚ್ಚಿಹೋಗಬಹುದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಧಿಕಾರಿಯ ನಡತೆಯನ್ನು ತೋರಿಸಲು ಆರೋಪಿಯ ಮುಖವನ್ನು ಮಸುಕು ಮಾಡಬಾರದೆಂದೇನೂ ಇಲ್ಲವಲ್ಲ.

‘ನಾವು ಕಳ್ಳರಲ್ಲ, ನಮಗೇಕೆ ಭಯ?’ ಎನ್ನುವ ಸದಸ್ಯರಿಗೆ ನಮ್ಮ ಸುತ್ತಲಿನ ಕಾನೂನನ್ನು ಒಮ್ಮೆ ಓದಲು ವಿನಂತಿಸುತ್ತೇವೆ. ವರ್ಜೀನಿಯಾದಲ್ಲಿ ಮಿತಿಗಿಂತ 20 ಮೈಲಿ ಹೆಚ್ಚು ವೇಗ, ಅಥವಾ ಮಿತಿ ಎಷ್ಟೇ ಇರಲಿ 85 ಮೈಲಿ ಮೀರಿದ ವೇಗ, ಕೇವಲ ಟಿಕೆಟ್ ಅಲ್ಲ. 12 ತಿಂಗಳವರೆಗೆ ಸೆರೆ ಮತ್ತು 2,500 ಡಾಲರ್‌ವರೆಗೆ ದಂಡಕ್ಕೆ ಅವಕಾಶವಿರುವ ಕ್ರಿಮಿನಲ್ ಅಪರಾಧ. ಜಾರ್ಜಿಯಾದಲ್ಲಿ ಸಂಚಾರ ನಿಯಮಗಳ ಉಲ್ಲಂಘನೆ ಬಹುಮಟ್ಟಿಗೆ ಮಿಸ್‌ಡಿಮೀನರ್ ಎಂಬ ವರ್ಗಕ್ಕೆ ಸೇರುತ್ತದೆ. ಊರ್ಜಿತ ಲೈಸೆನ್ಸ್ ಇಲ್ಲದೆ ಚಲಾಯಿಸಿದರೆ ಬೆರಳಚ್ಚು, ಛಾಯಾಚಿತ್ರಗಳವರೆಗೂ ಹೋಗಬಹುದು. ವೀಸಾ ನವೀಕರಣ ತಡವಾಗಿ ಲೈಸೆನ್ಸ್ ಮುಗಿದವರು ನಮ್ಮಲ್ಲಿ ಎಷ್ಟು ಜನರಿಲ್ಲ? ಮೇರಿಲ್ಯಾಂಡಿನಲ್ಲಿ ಯಾರ ಹೆಸರನ್ನಾದರೂ ನ್ಯಾಯಾಲಯದ ಜಾಲತಾಣದಲ್ಲಿ ಬರೆದು ಸಂಚಾರದ ಮೊಕದ್ದಮೆಗಳನ್ನೂ ನೋಡಬಹುದು. ಇದರ ಮೇಲೆ ವೀಸಾ ಅರ್ಜಿಯಲ್ಲಿ ಎಂದಾದರೂ ಬಂಧನವಾಗಿದೆಯೇ ಎಂಬ ಪ್ರಶ್ನೆ, ಪೌರತ್ವದ ಅರ್ಜಿಯಲ್ಲಿ ಇನ್ನೂ ವಿಸ್ತಾರವಾದ ಪ್ರಶ್ನೆ. ವಲಸಿಗರಾದ ನಮಗೆ ಸಣ್ಣ ತಪ್ಪಿಗೆ ಕಾನೂನೇ ದೊಡ್ಡ ಬೆಲೆ ವಸೂಲು ಮಾಡುತ್ತದೆ. ಅದರ ಮೇಲೆ ನಮ್ಮವರೇ ಒಂದು ತೆರಿಗೆ ಹಾಕಬೇಕೆ?

ಹಾಕುತ್ತಿದ್ದೇವೆ ಎಂಬುದೇ ನಮ್ಮ ದೂರು. ನ್ಯಾಯಾಲಯದ ಜಾಲತಾಣದಿಂದ ಒಬ್ಬರ ಪ್ರಕರಣದ ಚಿತ್ರ ತೆಗೆದು ‘ಇವರು ಗೊತ್ತೇ?’ ಎಂದು ಹಂಚುವುದು. ರಾಜ್ಯೋತ್ಸವದ ಮರುದಿನ ಎರಡು ಜಾಗ ಆಕ್ರಮಿಸಿ ನಿಂತ ಕಾರನ್ನು ನಂಬರ್ ಪ್ಲೇಟ್ ಸಮೇತ ಮುನ್ನೂರು ಮನೆಗಳಿಗೆ ಕಳುಹಿಸುವುದು. ಊಟಕ್ಕೆ ಹಣ ಕೊಡದೆ ಉಂಡವರೆಂದು ಕುಟುಂಬದ ಹೆಸರು ಬರೆಯುವುದು. ಸಭಾಂಗಣದ ಗೋಡೆಗೆ ಗೀಚಿದ ಹನ್ನೆರಡು ವರ್ಷದ ಹುಡುಗನ ವಿಡಿಯೊ ಹಾಕುವುದು. ಇಂಥವು ಯಾವ ಸಂಘಕ್ಕೂ ಅಪರಿಚಿತವಲ್ಲ. ‘ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತೆ’ ಎಂಬ ಮಾತು ನಮ್ಮ ಭಾಷೆಯಲ್ಲಿದೆ. ಹತ್ತು ಸಾವಿರ ಮೈಲಿ ದೂರ ಬಂದು ಕಟ್ಟಿಕೊಂಡ ಕನ್ನಡ ಕೂಟವು ಎಡವಿದವರನ್ನು ಎತ್ತುವ ಕೂಟವಾಗಬೇಕೇ ಹೊರತು ಆಡಿಕೊಳ್ಳುವವರ ಕೂಟವಾಗಬಾರದು.

ಅವಮಾನವು ಔಷಧವೆಂದು ನಂಬುವವರಿಗೆ ವೈದ್ಯರಾಗಿ ಒಂದು ಮಾತು. ನಮ್ಮ ವೃತ್ತಿಧರ್ಮ ರೋಗಿಗಳ ಕಥೆ ಹೇಳಲು ಬಿಡುವುದಿಲ್ಲವಾದ್ದರಿಂದ ಎಲ್ಲರೂ ಬಲ್ಲ ಸಂಗತಿಯನ್ನೇ ಹೇಳುತ್ತೇವೆ. ಕುಷ್ಠ, ಕ್ಷಯ, ಎಚ್‌ಐವಿ, ಈ ಮೂರರ ಇತಿಹಾಸವೂ ಒಂದೇ ಪಾಠ ಕಲಿಸುತ್ತದೆ: ನಾಚಿಕೆಗೆ ಹೆದರಿದವನು ರೋಗವನ್ನು ಬಚ್ಚಿಡುತ್ತಾನೆ, ಬಚ್ಚಿಟ್ಟ ರೋಗ ಹರಡುತ್ತದೆ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆನ್ನುತ್ತಿದ್ದ ಕಾನೂನನ್ನು ಭಾರತ ತೆಗೆದುಹಾಕಿದ್ದು 2019ರಲ್ಲಿ. ಔಷಧ ಬಂದು ಎಷ್ಟೋ ದಶಕಗಳಾದ ಮೇಲೆ. ತಪ್ಪುಗಳ ವಿಷಯದಲ್ಲಿಯೂ ಹೀಗೆಯೇ. ನಮ್ಮ ಫೇರ್‌ಫ್ಯಾಕ್ಸ್‌ನ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿ ಮತ್ತು ಸಹೋದ್ಯೋಗಿಗಳು ಸೆರೆಮನೆಯಲ್ಲಿದ್ದ ನೂರಾರು ಜನರನ್ನು ಅಭ್ಯಸಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ‘ನಾನು ತಪ್ಪು ಕೆಲಸ ಮಾಡಿದೆ’ ಎಂಬ ಪಶ್ಚಾತ್ತಾಪದ ಗುಣವುಳ್ಳವರು ಬಿಡುಗಡೆಯ ನಂತರ ಮತ್ತೆ ಅಪರಾಧ ಮಾಡುವುದು ಕಡಿಮೆ. ‘ನಾನೇ ಕೆಟ್ಟವನು’ ಎಂಬ ನಾಚಿಕೆಯು ಇತರರನ್ನು ದೂಷಿಸುವ ಕಡೆಗೆ ತಿರುಗಿದಾಗ ಮರುಅಪರಾಧ ಹೆಚ್ಚು. ಊರಿನ ನಗೆಯ ನಡುವೆ ನಿಂತವನಿಗೆ ದೂಷಿಸಲು ಜನರ ಕೊರತೆಯಿರುವುದಿಲ್ಲ; ಪಶ್ಚಾತ್ತಾಪಕ್ಕೆ ಬೇಕಾದ ಏಕಾಂತವನ್ನೇ ನಾವು ಅವನಿಂದ ಕಿತ್ತುಕೊಂಡಿರುತ್ತೇವೆ.

ಎದುರುವಾದಗಳಲ್ಲಿ ಎರಡು ಗಟ್ಟಿಯಾದವು. ಮೊದಲನೆಯದು, ‘ಅದು ಸಾರ್ವಜನಿಕ ದಾಖಲೆ’ ಎಂಬುದು. ನಿಜ. ಆದರೆ ದಾಖಲೆ ತೆರೆದಿರುವುದು ನ್ಯಾಯಾಲಯ ಗುಟ್ಟಾಗಿ ನಡೆಯದಿರಲೆಂದು. ನೆರೆಯವನ ಟಿಕೆಟ್ಟನ್ನು ನಾವು ಊಟದ ಜೊತೆ ಉಪ್ಪಿನಕಾಯಿಯಂತೆ ನೆಂಚಿಕೊಳ್ಳಲೆಂದಲ್ಲ. ಓದಲು ಹಕ್ಕಿರುವುದೆಲ್ಲ ಹಂಚಲು ಯೋಗ್ಯವಾಗುವುದಿಲ್ಲ. ಎರಡನೆಯದು, ‘ನಾಚಿಕೆಯಿಲ್ಲದೆ ಸಮಾಜ ನಡೆಯದು’ ಎಂಬುದು. ಇದೂ ನಿಜ. ಆಸ್ಟ್ರೇಲಿಯಾದ ಅಪರಾಧ ಶಾಸ್ತ್ರಜ್ಞ ಜಾನ್ ಬ್ರೇತ್‌ವೇಟ್ 1989ರಲ್ಲಿಯೇ ಇದನ್ನು ವಿವರಿಸಿದ್ದಾರೆ: ತನ್ನನ್ನು ಬಲ್ಲವರು, ತನ್ನ ಒಳಿತು ಬಯಸುವವರು ತಪ್ಪನ್ನು ಹೇಳಿ ಮತ್ತೆ ಒಳಗೆ ಕರೆದುಕೊಳ್ಳುವ ನಾಚಿಕೆ ಬೇರೆ, ಕಳಂಕ ಹಚ್ಚಿ ಹೊರಗೆ ತಳ್ಳುವ ನಾಚಿಕೆ ಬೇರೆ. ಅಜ್ಜಿ ಕೋಣೆಗೆ ಕರೆದು ಗದರುತ್ತಿದ್ದುದು ಮೊದಲನೆಯದು. ಲಕ್ಷ ಜನ ಅಪರಿಚಿತರು ನಗುವುದು ಎರಡನೆಯದು.

ಹಾಗೆಂದು ಎಲ್ಲವನ್ನೂ ಮುಚ್ಚಿಡಿ ಎಂದು ನಾವು ಹೇಳುತ್ತಿಲ್ಲ. ಹೂಡಿಕೆಯ ಹೆಸರಿನಲ್ಲಿ ವಂಚಿಸುವವನು, ಮನೆಯಲ್ಲಿ ಹೆಂಡತಿಯನ್ನು ಹೊಡೆಯುವವನು, ಮಕ್ಕಳಿಗೆ ಅಪಾಯಕಾರಿಯಾದವನು ಇವರ ವಿಷಯದಲ್ಲಿ ಮೌನವೇ ಅಪರಾಧ. ‘ಮನೆ ಮಾನ’ದ ಹೆಸರಿನಲ್ಲಿ ನಮ್ಮ ಸಮಾಜ ಮುಚ್ಚಿಟ್ಟಿರುವುದು ಇಂಥವನ್ನೇ. ವಿಚಿತ್ರವೆಂದರೆ ನಾವು ದೊಡ್ಡದನ್ನು ಮುಚ್ಚಿ ಚಿಕ್ಕದನ್ನು ಮೆರೆಸುತ್ತೇವೆ. ಅಪಾಯವಿದ್ದರೆ 911ಕ್ಕೆ ಕರೆ ಮಾಡಿ. ಅಪಾಯವಿಲ್ಲದಿದ್ದರೆ ಆ ವ್ಯಕ್ತಿಗೇ ಕರೆ ಮಾಡಿ. ಗುಂಪಿಗೆ ಕಳುಹಿಸುವುದು ಈ ಎರಡರಲ್ಲಿ ಯಾವುದೂ ಅಲ್ಲ.

ಆದ್ದರಿಂದ ಸಂಘದ ಮುಂದೆ ನಾಲ್ಕು ನಿಯಮಗಳನ್ನು ಇಡುತ್ತಿದ್ದೇವೆ. ಲಘು ಅಪರಾಧ ಅಥವಾ ಅಸಭ್ಯತೆಗೆ ಸಂಬಂಧಿಸಿದ ಯಾರದೇ ಹೆಸರು, ಮುಖ, ವಿಳಾಸ, ವಾಹನ ಸಂಖ್ಯೆ, ನ್ಯಾಯಾಲಯದ ದಾಖಲೆ ಸಂಘದ ಯಾವ ಗುಂಪಿನಲ್ಲಿಯೂ ಬರಬಾರದು. ಬಂದರೆ ನಿರ್ವಾಹಕರು ಚರ್ಚೆಯಿಲ್ಲದೆ ತೆಗೆಯಬೇಕು. ಹದಿನೆಂಟು ತುಂಬದವರ ವಿಷಯವಾದರೆ ತಂದೆತಾಯಿಗಳಿಗಲ್ಲದೆ ಬೇರೆ ಯಾರಿಗೂ ತಿಳಿಸಬಾರದು. ಕಾರ್ಯಕ್ರಮಗಳಲ್ಲಿ ಆಗುವ ತಪ್ಪುಗಳನ್ನು ಇಬ್ಬರು ಹಿರಿಯ ಸ್ವಯಂಸೇವಕರು ಸಂಬಂಧಪಟ್ಟವರೊಡನೆ ನೇರವಾಗಿ ಮಾತನಾಡಿ ಮುಗಿಸಬೇಕು. ಕಾನೂನಿನ ತೊಡಕಿಗೆ ಸಿಕ್ಕಿದ ಸದಸ್ಯರು ಸಂಕೋಚವಿಲ್ಲದೆ ಸಂಪರ್ಕಿಸಲು ವಕೀಲರು ಮತ್ತು ವೈದ್ಯರ ಒಂದು ಚಿಕ್ಕ ತಂಡವಿರಬೇಕು. ಅವರ ಮಾತು ಅಲ್ಲಿಯೇ ಉಳಿಯಬೇಕು. ಮುಂದಿನ ಸಾಮಾನ್ಯ ಸಭೆಯಲ್ಲಿ ಇವು ಚರ್ಚೆಗೆ ಬರಲೆಂದು ಕೋರುತ್ತೇವೆ. ವಿರೋಧವಿರುವವರು ಅದೇ ಸಭೆಯಲ್ಲಿ ಎದ್ದು ಹೇಳಲೆಂದೂ ಕೋರುತ್ತೇವೆ.

ಈಗಾಗಲೇ ಇಂಥ ಅವಮಾನಕ್ಕೆ ಸಿಕ್ಕಿ, ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟ ಕುಟುಂಬಗಳಿಗೆ ಕೊನೆಯ ಮಾತು. ನಿಮ್ಮ ಪ್ರಕರಣ ಜಾರ್ಜಿಯಾದಲ್ಲಿ ವಜಾ ಆಗಿದ್ದರೆ ಚಿತ್ರ ತೆಗೆಸುವ ಹಕ್ಕು ನಿಮಗಿದೆ, ಬಳಸಿಕೊಳ್ಳಿ. ರಾತ್ರಿ ನಿದ್ದೆ ಬಾರದೆ ಬದುಕೇ ಬೇಡವೆನಿಸಿದರೆ 988 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಯುಗಾದಿಯ ಊಟಕ್ಕೆ ಬನ್ನಿ. ನಿಮ್ಮ ಎಲೆಯ ಪಕ್ಕದಲ್ಲಿ ನಾವು ಕೂರುತ್ತೇವೆ.

ಸಂಘದ ಆರೋಗ್ಯ ಶಿಬಿರದ ಸ್ವಯಂಸೇವಕ ವೈದ್ಯರು, ಎಂಬಿಬಿಎಸ್